ಪ್ಲೇಗಿಗೆ ಇಂಜಿನಿಯರ್ ಕೊಟ್ಟ ಮದ್ದು

ರಂಜಾನ್ ತಿಂಗಳ ಸಂಜೆ ಪುಲಿಕೇಶಿನಗರದ ಮಾಸ್ಕ್ ರೋಡಿಗೆ ಹೋಗಿ ಸಮೋಸ ತಿಂದು ಬರೋದು ನಮ್ಮ ಗುಂಪಿನ ವಾಡಿಕೆ. ಹೋದ ಸಲ ಗೆಳತಿಯೊಬ್ಬಳು ಕೇಳಿದಳು: "ಪಕ್ಕದ ಶಿವಾಜಿನಗರದ ಗಲ್ಲಿಗಳು ಅಷ್ಟು ಇಕ್ಕಟ್ಟು. ಇಲ್ಲಿ ರಸ್ತೆಗಳು ಸ್ಕೇಲ್ ಇಟ್ಟು ಎಳೆದ ಹಾಗಿವೆಯಲ್ಲ, ಯಾಕೆ?" ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ಒಂದು ಕಾಯಿಲೆ: ಪ್ಲೇಗ್.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂತು. ಪೇಟೆಯಲ್ಲೂ ದಂಡುಪ್ರದೇಶದಲ್ಲೂ ಸಾವಿರಾರು ಜನ ಸತ್ತರು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದರು. ಹಾಫ್‌ಕಿನ್ 1897ರಲ್ಲಿ ಮುಂಬೈಯಲ್ಲಿ ಲಸಿಕೆಯನ್ನೂ ತಯಾರಿಸಿದ್ದರು. ಆದರೆ ಒಮ್ಮೆ ಜ್ವರ ಬಂದವರನ್ನು ಗುಣಪಡಿಸೋ ಔಷಧಿ ಯಾರ ಬಳಿಯೂ ಇರಲಿಲ್ಲ.

ಈ ರೋಗಾಣು ದೇಹದೊಳಗೆ ಏನು ಮಾಡುತ್ತೆ ಅಂತ ನೋಡೋಣ. ಪ್ಲೇಗ್ ಮೂಲತಃ ಇಲಿಯ ಕಾಯಿಲೆ. ಇಲಿಯ ರಕ್ತ ಕುಡಿದ ಚಿಗಟದ ಹೊಟ್ಟೆಯ ಬಾಯಲ್ಲಿ ಒಂದು ವಾಲ್ವ್ ಇದೆ. ರೋಗಾಣುಗಳು ಅಲ್ಲೇ ಬೆಳೆದು ಅದನ್ನು ಮುಚ್ಚಿಬಿಡುತ್ತವೆ. ಪೈಪು ಕಟ್ಟಿಕೊಂಡರೆ ನೀರು ಹಿಂದಕ್ಕೆ ಬರುತ್ತಲ್ಲ, ಹಾಗೇ ಇಲ್ಲೂ. ಚಿಗಟ ಎಷ್ಟು ಹೀರಿದರೂ ಹೊಟ್ಟೆಗೆ ಇಳಿಯಲ್ಲ. ಹಸಿವು ತಾಳದೆ ಮತ್ತೆ ಮತ್ತೆ ಕಚ್ಚುತ್ತೆ, ಹೀರಿದ ರಕ್ತ ರೋಗಾಣುಗಳ ಜೊತೆ ಗಾಯಕ್ಕೇ ವಾಪಸ್ ಹೋಗುತ್ತೆ.

ನಮ್ಮ ಚರ್ಮದ ಕೆಳಗೆ ಬಿಳಿ ರಕ್ತಕಣಗಳು ಕಾವಲಿಗೆ ಬರುತ್ತವೆ. ಒಂದು ಬಗೆಯ ಕಣಗಳು ಬಂದ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುತ್ತವೆ. ಇನ್ನೊಂದು ಬಗೆಯ ದೊಡ್ಡ ಭಕ್ಷಕ ಕಣಗಳು ನುಂಗಿದ ರೋಗಾಣು ಮಾತ್ರ ಒಳಗೇ ಬದುಕಿ ಉಳಿಯುತ್ತೆ. ಚಿಗಟದ ಮೈಯ ತಂಪಿನಲ್ಲಿ ಇಲ್ಲದಿದ್ದ ಒಂದು ಹೊದಿಕೆಯನ್ನು ಅದು ನಮ್ಮ 37 ಡಿಗ್ರಿ ಶಾಖದಲ್ಲಿ ಕಟ್ಟಿಕೊಳ್ಳುತ್ತೆ. ಕವಚ ತೊಟ್ಟು ಹೊರಬಂದ ಮೇಲೆ ಅದನ್ನು ನುಂಗೋದು ಕಷ್ಟ. ಅಲ್ಲಿಂದ ದುಗ್ಧರಸದ ನಾಳ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತೆ. ಚಿಗಟ ಕಾಲಿಗೆ ಕಚ್ಚಿದ್ದರೆ ತೊಡೆಸಂದಿಯಲ್ಲಿ, ಕೈಗೆ ಕಚ್ಚಿದ್ದರೆ ಕಂಕುಳಲ್ಲಿ ಗೆಡ್ಡೆ ಏಳುತ್ತೆ. ದೇಹದ ಕಾವಲು ಠಾಣೆಯೇ ರೋಗಾಣುವಿನ ಬೀಡಾಗುತ್ತೆ. ಅಲ್ಲಿಂದ ರಕ್ತಕ್ಕೆ, ಶ್ವಾಸಕೋಶಕ್ಕೆ ಹರಡಿದರೆ ಉಳಿಯೋದು ತೀರಾ ಕಷ್ಟ.

"ಇಲಿ ಬಿತ್ತು, ಊರು ಬಿಡಿ" ಅಂತ ನಮ್ಮ ಹಿರಿಯರು ಊರಾಚೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅದು ಬರೀ ಹೆದರಿಕೆ ಅಲ್ಲ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟಗಳು ಬಿಸಿರಕ್ತ ಹುಡುಕಿಕೊಂಡು ಹೊರಡುತ್ತವೆ. ಆಗ ಮನೆಯಲ್ಲಿ ಇರುವವರು ನಾವೇ. ಚಿಗಟದ ಪಾತ್ರವನ್ನು ಪಾಲ್-ಲೂಯಿ ಸಿಮೋಂಡ್ ತೋರಿಸಿದ್ದು ಕರಾಚಿಯಲ್ಲಿ, ಅದೇ 1898ರಲ್ಲಿ. ಆಗ ಹೆಚ್ಚಿನವರು ಒಪ್ಪಲಿಲ್ಲ. 1905ರ ನಂತರ ಮುಂಬೈಯ ಪ್ಲೇಗ್ ಆಯೋಗದ ಪ್ರಯೋಗಗಳು ಅದನ್ನು ಖಚಿತಪಡಿಸಿದವು.

ಆ ಹೊತ್ತಿಗೆ ಇಲ್ಲಿ ಹೊಸ ಬಡಾವಣೆಯ ಕೆಲಸ ಶುರುವಾಗಿತ್ತು. ದಂಡುಪ್ರದೇಶದ ಇಕ್ಕಟ್ಟು ಕೇರಿಗಳ ಒತ್ತಡ ಇಳಿಸಲು 1906ರಿಂದ 1910ರ ಹೊತ್ತಿಗೆ ಫ್ರೇಜರ್ ಟೌನ್ ರೂಪುಗೊಂಡಿತು. ಈಗ ಅದೇ ಪುಲಿಕೇಶಿನಗರ. ಇದರ ಹಿಂದಿದ್ದ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್. ಬೆಂಗಳೂರಿನಲ್ಲಿ ಪ್ಲೇಗ್ ತಡೆಯುವ ಊರು ಕಟ್ಟೋದರ ಬಗ್ಗೆ ಅವರು 1914ರಲ್ಲಿ ಪುಸ್ತಕವನ್ನೇ ಬರೆದರು. ಅವರ ಹೆಸರಿನ ರಸ್ತೆ ಇವತ್ತೂ ಇಲ್ಲಿದೆ. ಅಗಲವಾದ ನೇರ ರಸ್ತೆ, ಮನೆ ಮನೆ ನಡುವೆ ಜಾಗ, ಗಾಳಿ ಬೆಳಕು, ಕಸ ಸಾಗಿಸಲು ಹಿಂದೆ ಓಣಿ, ಇಲಿ ಕೊರೆದು ಗೂಡು ಮಾಡಲಾಗದ ಕಟ್ಟಡ: ಇದು ಅವರ ಕಾಲದ ಮದ್ದು. ಮಣ್ಣಿನ ಗೋಡೆ, ಮಣ್ಣಿನ ನೆಲ ಅಂದ್ರೆ ಇಲಿಗೆ ತವರುಮನೆ ಇದ್ದ ಹಾಗೆ. ರೋಗಾಣುವನ್ನು ಕೊಲ್ಲಲು ಆಗದಿದ್ದರೂ ಇಲಿ, ಚಿಗಟ, ಮನುಷ್ಯ ಅನ್ನೋ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಸಾಕು.

ಈಗ ಔಷಧಿ ಇದೆ. 1943ರಲ್ಲಿ ಸಿಕ್ಕಿದ ಸ್ಟ್ರೆಪ್ಟೋಮೈಸಿನ್ ಪ್ಲೇಗಿನ ಕಥೆಯನ್ನೇ ಬದಲಿಸಿತು. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಗೆಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಜನ ಸಾಯುತ್ತಾರೆ. ಹಾಗಂತ ಸರಪಳಿಯನ್ನು ಮರೆಯೋಕಾಗಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ, ನಿಂತ ನೀರಿನ ಸೊಳ್ಳೆಯಿಂದ ಡೆಂಗಿ ಇವತ್ತೂ ನಮ್ಮೂರಲ್ಲೇ ಬರುತ್ತವೆ. ಇವಕ್ಕೂ ಅರ್ಧ ಮದ್ದು ಚರಂಡಿಯಲ್ಲಿ, ಕಸದ ಗಾಡಿಯಲ್ಲಿ, ಮುಚ್ಚಿದ ಟ್ಯಾಂಕಿನಲ್ಲಿ ಇದೆ.

ನಾವು ಸಿವಿಲ್, ಮೆಕ್ಯಾನಿಕಲ್ ಓದೋರು. ಜೀವಶಾಸ್ತ್ರವನ್ನು ಪಿಯುಸಿಯಲ್ಲೇ ಬಿಟ್ಟೆವು ಅಂತ ಖುಷಿಪಟ್ಟವರು. ಆದರೆ ನಾಳೆ ನಾವು ಬರೆಯೋ ಒಂದು ಡ್ರಾಯಿಂಗ್‌ನಲ್ಲಿ ಚರಂಡಿಯ ಇಳಿಜಾರು ತಪ್ಪಿದರೆ ಅದನ್ನು ತೀರಿಸೋದು ಯಾರದೋ ಮನೆಯ ಮಗುವಿನ ಜ್ವರ. ಮುಂದಿನ ಸಲ ಮಾಸ್ಕ್ ರೋಡಿಗೆ ಹೋದಾಗ ಸಮೋಸದ ಜೊತೆ ಆ ನೇರ ರಸ್ತೆಯನ್ನೂ ಒಮ್ಮೆ ನೋಡಿ ಬನ್ನಿ.