ಈರುಳ್ಳಿ ಹಿಡಿದ ಬಾತುಕೋಳಿ

ಮಕ್ಕಳ ಆಟದ ವಿಷಯವನ್ನು ಹಿರಿಯರ ಮುಂದೆ ಎತ್ತುವಾಗ ಕೊಂಚ ಸಂಕೋಚವಾಗುವುದು ಸಹಜ. ಆದರೆ ಇಂದು ನಾನು ಹೇಳಹೊರಟಿರುವ ಹಕ್ಕಿ ಮಕ್ಕಳ ಆಟದಲ್ಲಿ ಹುಟ್ಟಿದ್ದಲ್ಲ. ಅದು ಒಂದು ಗಾದೆಮಾತಿನಲ್ಲಿ ಬಹುಕಾಲ ಬಾಳಿ, ಆಮೇಲೆ ಆಟದೊಳಕ್ಕೆ ಹಾರಿಹೋದದ್ದು. ಗಾದೆ ಎಂದಮೇಲೆ ಹಿರಿಯರಿಗೂ ಅದರಲ್ಲಿ ಪಾಲುಂಟು ಎಂಬ ಧೈರ್ಯದಿಂದ ಪ್ರಾರಂಭಿಸುತ್ತೇನೆ.

ಕಳೆದ ದಸರಾ ರಜೆಯಲ್ಲಿ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಎರಡು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರವೂ ಅವಳ ಜೊತೆಯಲ್ಲೇ ಬಂದಿತ್ತು. ಆಟದ ಹೆಸರು ಪೊಕೆಮಾನ್. ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಪಳಗಿಸುವುದು, ಒಂದರೊಡನೊಂದು ಸೆಣಸಾಡಿಸುವುದು, ಇದು ಅದರ ಸಾರಾಂಶ. ಒಂದು ಸಂಜೆ ಅವಳು ಯಂತ್ರವನ್ನು ನನ್ನ ಕನ್ನಡಕದ ಸಮೀಪಕ್ಕೆ ತಂದು, "ತಾತ, ಈ ಬಾತುಕೋಳಿ ಯಾಕೆ ಈರುಳ್ಳಿ ಸೊಪ್ಪು ಹಿಡ್ಕೊಂಡಿದೆ?" ಎಂದು ಕೇಳಿದಳು. ನೋಡಿದೆ. ಕಂದುಬಣ್ಣದ, ಹುಬ್ಬು ಗಂಟಿಕ್ಕಿದ ಒಂದು ಬಾತು. ತನಗಿಂತ ಉದ್ದವಾದ ಈರುಳ್ಳಿಯ ದಂಟೊಂದನ್ನು ಗದೆಯಂತೆ ಹಿಡಿದು ನಿಂತಿತ್ತು.

ನೌಕರಿಯ ನಿಮಿತ್ತ ಎರಡು ಚಳಿಗಾಲಗಳನ್ನು ಒಸಾಕಾ ನಗರದಲ್ಲಿ ಕಳೆದವನಾದುದರಿಂದ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. "ಬಾತುಕೋಳಿ ಸಾರಿಗೆ ಈರುಳ್ಳಿ ಬೇಕಲ್ಲ ಪುಟ್ಟಿ, ಅದನ್ನೂ ಅದೇ ಹೊತ್ತುಕೊಂಡು ಬಂದಿದೆ," ಎಂದು ನಕ್ಕೆ. ಅವಳು ನಗಲಿಲ್ಲ. "ಹಾಗಾದ್ರೆ ಇದನ್ನ ತಿನ್ನೋಕೆ ಅಂತ ಮಾಡಿದ್ದಾ?" ಎಂದಳು. ಆ ಸಂಜೆ ಮತ್ತೆ ನನ್ನೊಡನೆ ಮಾತಾಡಲಿಲ್ಲ. ಗೊತ್ತಿದ್ದುದನ್ನೆಲ್ಲ ಆಡಿಬಿಡುವ ಮುದುಕರ ಚಟಕ್ಕೆ ನಾನು ತೆತ್ತ ದಂಡ ಅದು. ಆದರೆ ಆಮೇಲೆ ಯೋಚಿಸಿದಾಗ, ನಾನು ಹೇಳಿದ್ದು ನಿಜವಾದರೂ ಅರ್ಧ ನಿಜ ಮಾತ್ರ ಎಂದು ತೋರಿತು. ಉಳಿದರ್ಧವನ್ನು ಹುಡುಕುತ್ತ ಹೋದದ್ದರ ಫಲ ಈ ಭಾಷಣ.

ಮೊದಲು ಗಾದೆಯನ್ನು ನೋಡೋಣ. ಜಪಾನೀ ಭಾಷೆಯಲ್ಲಿ ಕಾಡುಬಾತಿಗೆ 'ಕಾಮೊ' ಎನ್ನುತ್ತಾರೆ. 'ನೆಗಿ' ಎಂದರೆ ಒಂದು ಬಗೆಯ ಈರುಳ್ಳಿ. ನಮ್ಮ ಈರುಳ್ಳಿಯಂತೆ ದುಂಡನೆಯ ಗಡ್ಡೆ ಕಟ್ಟುವುದಿಲ್ಲ, ಬುಡದಲ್ಲಿ ಉದ್ದನೆಯ ಬಿಳಿಯ ದಂಟು, ಮೇಲೆ ಹಸುರು ಎಲೆ. ಚಳಿಗಾಲ ಬಂತೆಂದರೆ ಕಾಡುಬಾತುಗಳು ಉತ್ತರದಿಂದ ಜಪಾನಿಗೆ ವಲಸೆ ಬರುತ್ತವೆ. ನೆಗಿಗೂ ಸಿಹಿ ಕೂಡುವುದು ಅದೇ ಚಳಿಯಲ್ಲಿ. ಬಾತಿನ ಮಾಂಸದ ಜಿಡ್ಡು ಮತ್ತು ವಾಸನೆಗೆ ನೆಗಿಯೇ ತಕ್ಕ ಜೊತೆ ಎಂದು ಅಲ್ಲಿನ ಅಡಿಗೆಯವರ ನಂಬಿಕೆ. ಬಾತು ಮತ್ತು ನೆಗಿ ಹಾಕಿ ಬಿಸಿ ಸಾರಿನಲ್ಲಿ ಕೊಡುವ 'ಕಾಮೊ ನಾನ್‌ಬಾನ್' ಎಂಬ ಶಾವಿಗೆಯ ಭಕ್ಷ್ಯ ಪ್ರಸಿದ್ಧವಾದದ್ದು. ಶಾಕಾಹಾರಿಯಾದ ನಾನು ಅದನ್ನು ದೂರದಿಂದ ಬಲ್ಲೆ, ಅಷ್ಟೆ. ಹೀಗಿರುವಾಗ ಬಾತು ತಾನಾಗಿ ಬೇಟೆಗಾರನ ಮನೆಗೆ ಬಂದುದಲ್ಲದೆ ಬೆನ್ನ ಮೇಲೆ ನೆಗಿಯನ್ನೂ ಹೊತ್ತು ತಂದರೆ? 'ಕಾಮೊ ಗಾ ನೆಗಿ ಒ ಶೊತ್ತೆ ಕುರು' ಎಂಬ ಗಾದೆಯ ಅರ್ಥ ಅದು. ಬಾಯಲ್ಲಿ ಸವೆದು ಸವೆದು 'ಕಾಮೊನೆಗಿ' ಎಂದಷ್ಟೇ ಉಳಿದಿದೆ.

ನಮ್ಮಲ್ಲಿ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎನ್ನುತ್ತೇವಲ್ಲ, ಸುಮಾರಾಗಿ ಅದೇ ಭಾವ. ಆದರೆ ಸೂಕ್ಷ್ಮವಾದ ಒಂದು ಭೇದವಿದೆ. ರೊಟ್ಟಿಗೆ ಜೀವವಿಲ್ಲ, ಅದು ಜಾರಿದರೆ ಯಾರಿಗೂ ನೋವಿಲ್ಲ. ಬಾತಿಗೆ ಜೀವವಿದೆ. ಆದ್ದರಿಂದಲೇ ಜಪಾನೀಯರ ಮಾತಿನಲ್ಲಿ 'ಕಾಮೊ' ಎಂದರೆ ಸುಲಭವಾಗಿ ಮೋಸಹೋಗುವವನು ಎಂಬ ಅರ್ಥವೂ ಬೆಳೆದಿದೆ. ಜೂಜಿನ ಕಟ್ಟೆಗೆ ತುಂಬಿದ ಚೀಲದೊಂದಿಗೆ ಬರುವ ಬೆಪ್ಪನು ಕಾಮೊ. ಗಾದೆ ನಗುವುದು ಪಾತ್ರೆಯ ಕಡೆಯಿಂದ. ಬಾತಿನ ಕಡೆಯಿಂದ ಅದನ್ನು ಯಾರೂ ಕೇಳಿದವರಲ್ಲ.

ತಾನಾಗಿ ಆಹಾರವಾಗಲು ಬರುವ ಪ್ರಾಣಿಗಳು ನಮಗೂ ಹೊಸತಲ್ಲ. ಹುಲಿಯ ಮುಂದೆ ಬಂದು ನಿಂತ ಪುಣ್ಯಕೋಟಿಯನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು. ಜಾತಕದ ಮೊಲ ಅತಿಥಿಗಾಗಿ ಬೆಂಕಿಗೆ ಹಾರಿತು. ಆ ಕಥೆ ಬೌದ್ಧಧರ್ಮದೊಡನೆ ಜಪಾನಿಗೂ ಹೋಗಿ ನೆಲೆಸಿದೆ. ಆದರೆ ಹಸು ಬಂದದ್ದು ಕೊಟ್ಟ ಮಾತಿಗಾಗಿ, ಮೊಲ ಹಾರಿದ್ದು ದಾನಕ್ಕಾಗಿ. ಬಾತು ಬರುವುದು ಮಾತ್ರ ಏನೂ ತಿಳಿಯದೆ. ಮೊಮ್ಮಗಳಿಗೆ ಮುನಿಸು ಬಂದದ್ದು ಬಹುಶಃ ಅದಕ್ಕೇ.

ಈ ಬೆಪ್ಪು ಬಾತು ಆಟದೊಳಕ್ಕೆ ಬಂದದ್ದು 1996ರ ಫೆಬ್ರವರಿ 27ರಂದು. ಅಂದು ಜಪಾನಿನಲ್ಲಿ ಪೊಕೆಮಾನ್ ಆಟದ ಕೆಂಪು ಮತ್ತು ಹಸುರು ಎಂಬ ಮೊದಲ ಎರಡು ಆವೃತ್ತಿಗಳು ಮಾರಾಟಕ್ಕೆ ಬಂದವು. ಅವುಗಳ ಮೂಲಪುರುಷ ಸತೋಷಿ ತಾಜಿರಿ. ಟೋಕಿಯೋ ಹೊರವಲಯದ ಮಾಚಿದದಲ್ಲಿ ಹುಳುಹುಪ್ಪಟೆಗಳನ್ನು ಹಿಡಿಯುತ್ತ ಬೆಳೆದ ಹುಡುಗ. ಗದ್ದೆ ಕೆರೆಗಳು ಕಣ್ಣೆದುರಿಗೇ ಪಟ್ಟಣವಾಗಿ ಮಾರ್ಪಟ್ಟುದನ್ನು ಕಂಡವನು. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಗಳೆರಡನ್ನು ಒಂದು ತಂತಿಯಿಂದ ಜೋಡಿಸಬಹುದೆಂದು ತಿಳಿದಾಗ, ಆ ತಂತಿಯ ಮೂಲಕ ಹುಳುಗಳು ಈ ಯಂತ್ರದಿಂದ ಆ ಯಂತ್ರಕ್ಕೆ ಹರಿದುಹೋಗುವ ಚಿತ್ರ ಅವನ ಮನಸ್ಸಿಗೆ ಬಂತಂತೆ. ಮೊದಲ ಆಟದಲ್ಲಿದ್ದ ಪ್ರಾಣಿಗಳು 151. ಅವುಗಳಲ್ಲಿ 83ನೆಯದು ನಮ್ಮ ಬಾತು. ಅದರ ಜಪಾನೀ ಹೆಸರು ಬೇರೇನೂ ಅಲ್ಲ, ನೇರವಾಗಿ 'ಕಾಮೊನೆಗಿ'.

ಇಲ್ಲಿ ಒಂದು ಚಮತ್ಕಾರವಿದೆ. ಆ ಮೊದಲ ಆಟದಲ್ಲಿ ಕಾಮೊನೆಗಿ ಕಾಡಿನಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಒಂದು ಬಂದರು ಪಟ್ಟಣದ ಮನೆಯೊಂದಕ್ಕೆ ಹೋಗಿ, ದಾರಿಯಲ್ಲೆಲ್ಲ ಹೇರಳವಾಗಿ ಸಿಗುವ ಗುಬ್ಬಿಯಂಥದೊಂದು ಹಕ್ಕಿಯನ್ನು ಕೊಟ್ಟರೆ, ಆ ಮನೆಯವರು ತಮ್ಮ ಬಾತನ್ನು ಕೊಡುತ್ತಿದ್ದರು. ಗುಬ್ಬಿಗೆ ಬಾತು, ಅದೂ ಈರುಳ್ಳಿ ಸಮೇತ! ಗಾದೆಯನ್ನು ಹೆಸರಿನಲ್ಲಿಟ್ಟದ್ದಲ್ಲದೆ ಆಟಗಾರನ ಕೈಯಲ್ಲಿ ಅದನ್ನು ಆಡಿಸಿಯೂ ಬಿಟ್ಟರೆಂದು ನನಗೆ ತೋರುತ್ತದೆ. ಹೀಗೆ ವಿನಿಮಯದಿಂದ ಬಂದ ಪ್ರಾಣಿಗೆ ನಾವು ಹೊಸ ಹೆಸರಿಡುವಂತಿಲ್ಲ. ಹಳೆಯ ಯಜಮಾನನಿಟ್ಟ ಹೆಸರೇ ಕೊನೆಯವರೆಗೂ ಉಳಿಯುತ್ತದೆ. ಈ ನಿಯಮ ನನಗೆ ಬಹಳ ಹಿಡಿಸಿತು.

ಆದರೆ ಆಟದವರು ಗಾದೆಯನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಗಾದೆಯಲ್ಲಿ ನೆಗಿ ಇರುವುದು ಬೆನ್ನ ಮೇಲೆ, ಹೊರೆಯಾಗಿ. ಆಟದಲ್ಲಿ ಅದು ಬಾತಿನ ರೆಕ್ಕೆಯಲ್ಲಿದೆ, ಕತ್ತಿಯಾಗಿ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಬದಲಾವಣೆಯಲ್ಲಿ ಅಡಗಿದೆ. ಯಾವ ವಸ್ತು ಅದನ್ನು ಪಾತ್ರೆಗೆ ಹೊಂದಿಸುತ್ತಿತ್ತೋ ಅದೇ ವಸ್ತುವಿನಿಂದ ಅದು ಪಾತ್ರೆಯವರನ್ನು ಎದುರಿಸುತ್ತದೆ. ಆಟದೊಳಗೆ ಪ್ರತಿ ಪ್ರಾಣಿಗೂ ನಾಲ್ಕಾರು ಸಾಲಿನ ವಿವರಣೆ ಬರೆದಿರುತ್ತಾರೆ. ಆವೃತ್ತಿಯಿಂದ ಆವೃತ್ತಿಗೆ ಅದು ಬೇರೆಯಾಗುತ್ತದೆ. ಅವನ್ನೆಲ್ಲ ಒಟ್ಟಿಗೆ ಓದಿದರೆ ಒಂದು ಬಾಳೇ ಕಾಣುತ್ತದೆ. ದಂಟಿಲ್ಲದೆ ಈ ಹಕ್ಕಿ ಬದುಕಲಾರದು. ಪ್ರಾಣ ಕೊಟ್ಟಾದರೂ ಅದನ್ನು ಕಾಯುತ್ತದೆ. ದಂಟಿನಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ಆರಿಸುತ್ತದೆ, ಅದಕ್ಕಾಗಿ ತನ್ನವರೊಡನೆಯೇ ಜಗಳಾಡುತ್ತದೆ. ತೀರ ಹಸಿವಾದಾಗ ಆ ದಂಟನ್ನೇ ತಿಂದುಬಿಡುತ್ತದೆ. ತಿಂದೊಡನೆ ಹೊಸದೊಂದನ್ನು ಹುಡುಕಿಕೊಂಡು ಓಡುತ್ತದೆ. ಇವುಗಳ ಸಂತತಿ ಕ್ಷೀಣಿಸುತ್ತಿರುವಂತಿದೆ ಎಂಬ ಮಾತೂ ಒಂದೆಡೆ ಬರುತ್ತದೆ. ಕಾರಣವನ್ನು ಅಲ್ಲಿ ಬರೆದಿಲ್ಲ. ಗಾದೆ ಬಲ್ಲವರು ಊಹಿಸಿಕೊಳ್ಳಬಹುದು.

1999ರಲ್ಲಿ ಬಂದ ಚಿನ್ನ ಮತ್ತು ಬೆಳ್ಳಿ ಆವೃತ್ತಿಗಳಲ್ಲಿ ಇದಕ್ಕೊಂದು ಉದ್ಯೋಗವೂ ದೊರಕಿತು. ಕಾಡಂಚಿನಲ್ಲಿ ಇದ್ದಿಲು ಸುಡುವವನೊಬ್ಬನಿದ್ದಾನೆ. ಅವನಿಗೆ ಮರ ಕಡಿದುಕೊಡುವುದು ಈ ಬಾತಿನ ಕೆಲಸ. ಅದು ಕಾಡಿನಲ್ಲಿ ತಪ್ಪಿಸಿಕೊಂಡು, ಶಿಷ್ಯ ಕಂಗಾಲಾಗಿ ನಿಂತಿರುವಾಗ ಆಟಗಾರ ಅದನ್ನು ಅಟ್ಟಿಕೊಂಡು ಬರಬೇಕು. ಬಾತು, ಈರುಳ್ಳಿ, ಮೇಲೆ ಇದ್ದಿಲು: ಅಡಿಗೆಗೆ ಇನ್ನು ಬೇಕಾದದ್ದು ಪಾತ್ರೆಯೊಂದೇ. ಆದರೂ ಅಲ್ಲಿ ಯಾರೂ ಅದನ್ನು ಬೇಯಿಸುವ ಮಾತೆತ್ತುವುದಿಲ್ಲ.

ಇನ್ನು ಭಾಷಾಂತರದ ಫಜೀತಿ. 1998ರಲ್ಲಿ ಆಟ ಅಮೆರಿಕಕ್ಕೆ ಹೋದಾಗ ಗಾದೆಯಿಲ್ಲದ ನಾಡಿನಲ್ಲಿ ಗಾದೆಯ ಹಕ್ಕಿಗೆ ಏನೆಂದು ಕರೆಯುವುದು? ಇಂಗ್ಲಿಷಿನವರು 'ಫಾರ್‌ಫೆಚ್ಡ್' ಎಂದರು. ನಂಬಲಾಗದ್ದು, ಎಲ್ಲಿಂದಲೋ ಎಳೆದು ತಂದದ್ದು ಎಂದು ಅದರ ಅರ್ಥ. ಬಾತೂ ಹೋಯಿತು, ಈರುಳ್ಳಿಯೂ ಹೋಯಿತು. ಇಂಥದೂ ಉಂಟೇ ಎಂಬ ಬೆರಗು ಮಾತ್ರ ಉಳಿಯಿತು. ಜರ್ಮನರು ಈರುಳ್ಳಿ ಜಾತಿಯ ಸೊಪ್ಪಿನ ಹೆಸರನ್ನೂ ಬಾತಿನ ಹೆಸರನ್ನೂ ಬೆಸೆದು 'ಪೊರೆಂಟಾ' ಎಂದರು. ಪದಾರ್ಥಗಳೆರಡೂ ಉಳಿದವು, ಗಾದೆ ಉಳಿಯಲಿಲ್ಲ. ಫ್ರೆಂಚರು 'ಕನಾರ್ಟಿಶೊ' ಎಂದು ಬಾತನ್ನು ಆರ್ಟಿಚೋಕ್ ಎಂಬ ಬೇರೆಯೇ ತರಕಾರಿಯೊಡನೆ ಕೂಡಿಸಿದರು. ಚಿತ್ರದಲ್ಲಿ ಈರುಳ್ಳಿ, ಹೆಸರಿನಲ್ಲಿ ಆರ್ಟಿಚೋಕ್! ಅಡಿಗೆಯಲ್ಲಿ ಅಷ್ಟು ನಾಜೂಕಾದ ಜನ ಹೀಗೇಕೆ ಮಾಡಿದರೋ. ಇಂಗ್ಲಿಷ್ ಆಟದಲ್ಲಿ ಈ ಹಕ್ಕಿಗೆ ಕೊಡಬಹುದಾದ ನೆಗಿಯನ್ನು ಸುಮಾರು ಇಪ್ಪತ್ತು ವರ್ಷ 'ಸ್ಟಿಕ್' ಎಂದೇ ಕರೆದರು, ಬರಿಯ ಕಡ್ಡಿ. ಈ ಹೆಸರುಗಳಲ್ಲಿ ಬೆಳೆದ ಮಕ್ಕಳಿಗೆ ಬಾತು ಏಕೆ ಈರುಳ್ಳಿ ಹಿಡಿದಿದೆಯೆಂಬುದು ತಿಳಿಯುವ ದಾರಿಯೇ ಇರಲಿಲ್ಲ. ನನ್ನ ಮೊಮ್ಮಗಳು ಆಡುವುದೂ ಇಂಗ್ಲಿಷಿನಲ್ಲೇ. ಆದರೆ ಇದರಿಂದ ನಷ್ಟವೇ ಆಯಿತೆಂದು ಹೇಳಲಾರೆ. ಗಾದೆ ತಿಳಿಯದ ಮಕ್ಕಳಿಗೆ ಅದು ಮೊದಲಿನಿಂದಲೂ ಊಟವಾಗಿರಲಿಲ್ಲ, ಕತ್ತಿ ಹಿಡಿದ ಹಕ್ಕಿಯೇ ಆಗಿತ್ತು.

ಈ ಆಟದಲ್ಲಿ ಅನೇಕ ಪ್ರಾಣಿಗಳು ಸೆಣಸಿ ಸೆಣಸಿ ಬಲಿತು ಬೇರೊಂದು ರೂಪ ತಾಳುತ್ತವೆ. ಕಾಮೊನೆಗಿಗೆ ಆ ಭಾಗ್ಯವಿರಲಿಲ್ಲ. ಬಲವೂ ಅಷ್ಟಕ್ಕಷ್ಟೆ. ಕಥೆಯಲ್ಲಿ ಕತ್ತಿಯಿದ್ದರೂ ಕಾಳಗದಲ್ಲಿ ಅದು ಬಹುಮಟ್ಟಿಗೆ ಗಾದೆಯ ಬಾತೇ ಆಗಿತ್ತು. 23 ವರ್ಷ ಹೀಗೆ ಕಳೆಯಿತು. 2019ರ ನವೆಂಬರಿನಲ್ಲಿ ಬ್ರಿಟನ್ ದೇಶದ ಮಾದರಿಯಲ್ಲಿ ಕಲ್ಪಿಸಿದ ಗಾಲಾರ್ ಎಂಬ ನಾಡಿನ ಆವೃತ್ತಿಗಳು ಬಂದಾಗ ಈ ಹಕ್ಕಿಯ ಇನ್ನೊಂದು ಕುಲ ಕಾಣಿಸಿಕೊಂಡಿತು. ಆ ನಾಡಿನ ಈರುಳ್ಳಿ ದಂಟು ಹೆಚ್ಚು ದಪ್ಪ, ಹೆಚ್ಚು ಉದ್ದ. ಅದನ್ನು ಹೊತ್ತು ಹೊತ್ತು ಅಲ್ಲಿನ ಬಾತಿನ ಮೈಕಟ್ಟೇ ಬದಲಾಯಿತೆಂದು ಕಥೆ. ಬ್ರಿಟನ್ನಿನ ವೇಲ್ಸ್ ಪ್ರಾಂತಕ್ಕೆ ಲೀಕ್ ಎಂಬ ಇದೇ ಜಾತಿಯ ಸೊಪ್ಪು ಲಾಂಛನವಾಗಿದೆ ಎಂಬುದನ್ನು ಬಲ್ಲವರಿಗೆ ಆ ದಂಟು ಅಲ್ಲಿ ಅಪರಿಚಿತವೆನಿಸದು. ಮೊಮ್ಮಗಳು ನನಗೆ ತೋರಿಸಿದ್ದು ಈ ಕುಲದ ಬಾತನ್ನೇ.

ಈ ಬಾತು ಒಂದೇ ಕಾಳಗದಲ್ಲಿ ಮೂರು ಬಾರಿ ಎದುರಾಳಿಯ ಮರ್ಮಕ್ಕೆ ತಾಗುವಂತೆ ಹೊಡೆದರೆ, ಅದು ಬೆಳ್ಳಗಿನ ವೀರನಾಗಿ ಮಾರ್ಪಡುತ್ತದೆ. ದಂಟು ಈಟಿಯಾಗುತ್ತದೆ, ಎಲೆ ಗುರಾಣಿಯಾಗುತ್ತದೆ. ಇಂಗ್ಲಿಷಿನವರು ಅದಕ್ಕೆ ಸರ್ ಪದವಿ ಕೊಟ್ಟು 'ಸರ್‌ಫೆಚ್ಡ್' ಎಂದರು. ಜಪಾನೀ ಹೆಸರು 'ನೆಗಿಗನೈಟೊ'. ಇದನ್ನು ಎರಡು ರೀತಿಯಲ್ಲಿ ಕೇಳಬಹುದು. 'ನೈಟೊ' ಎಂದರೆ ಇಂಗ್ಲಿಷಿನ ನೈಟ್, ಅಶ್ವವೀರ; ಆಗ ಅದು ಈರುಳ್ಳಿಯ ವೀರ. ಅದೇ ಅಕ್ಷರಗಳನ್ನು ಶುದ್ಧ ಜಪಾನೀ ಮಾತಾಗಿ ಬಿಡಿಸಿದರೆ 'ನೆಗಿ ಇಲ್ಲದೆ ಹೋದರೆ' ಎಂಬ ಅರ್ಧ ವಾಕ್ಯ. ಉಳಿದರ್ಧ ವಿವರಣೆಯಲ್ಲಿದೆ: ಕೈಯಲ್ಲಿರುವ ದಂಟು ಬಾಡಿದ ದಿನ ಈ ವೀರ ಕಾಳಗದಿಂದ ನಿವೃತ್ತನಾಗುತ್ತಾನೆ. ಶ್ಲೇಷೆಯನ್ನು ವಿನೋದಕ್ಕೆ ಬಳಸುವವರು ಬಹಳ ಮಂದಿ; ಒಂದು ಜೀವದ ಅಳತೆಯನ್ನೇ ಅದರಲ್ಲಿಟ್ಟವರು ಕಡಿಮೆ. ಹಳೆಯ ಕುಲದ ಕಾಮೊನೆಗಿಗೆ ಮಾತ್ರ ಆ ಆವೃತ್ತಿಗಳಲ್ಲೂ ಈ ಪದವಿ ದೊರಕಲಿಲ್ಲ.

ಇಷ್ಟನ್ನೂ ಮಾರನೆಯ ದಿನ ಮೊಮ್ಮಗಳಿಗೆ ಹೇಳಿದೆ. ಪುಣ್ಯಕೋಟಿ, ಮೊಲಗಳ ವಿಚಾರವನ್ನು ಅವಳು ಆಕಳಿಸುತ್ತ ಕೇಳಿದಳು. ದಂಟು ಬೆನ್ನಿನಿಂದ ರೆಕ್ಕೆಗೆ ಬಂದ ವಿಚಾರ ಬಂದಾಗ ಮಾತ್ರ ಯಂತ್ರವನ್ನು ಕೆಳಗಿಟ್ಟಳು.

"ಹಾಗಾದ್ರೆ ತಿನ್ನೋರು ಬಂದ್ರೆ ಅದು ಅದೇ ಈರುಳ್ಳೀಲಿ ಹೊಡೆಯತ್ತೆ ಅಲ್ವಾ ತಾತ?"

"ಹೌದಮ್ಮ, ಅದೇ ಈರುಳ್ಳೀಲೇ."

ಅಲ್ಲಿಗೆ ರಾಜಿಯಾಯಿತು. ಅಂದಿನಿಂದ ರಜೆ ಮುಗಿಯುವವರೆಗೆ ಅವಳದು ಒಂದೇ ಸಾಧನೆ, ಒಂದು ಕಾಳಗದಲ್ಲಿ ಮೂರು ಮರ್ಮದ ಪೆಟ್ಟು. ಪೆಟ್ಟು ಮರ್ಮಕ್ಕೆ ತಾಗುವುದು ಬಹುಪಾಲು ದೈವಾಧೀನ. ಆಟದಲ್ಲಿ ಇನ್ನೊಂದು ದಂಟನ್ನು ಹಕ್ಕಿಯ ಕೈಗೆ ಕೊಟ್ಟರೆ ಸಂಭವ ಹೆಚ್ಚುತ್ತದೆಯಂತೆ. ಕೊಟ್ಟಿದ್ದಳು. ಆದರೂ ಎರಡು ಪೆಟ್ಟು ಬೀಳುವಷ್ಟರಲ್ಲಿ ಎದುರಾಳಿ ಉರುಳಿಬಿಡುವುದು, ಮತ್ತೆ ಮೊದಲಿನಿಂದ ಎಣಿಕೆ. ಊರಿಗೆ ಹೊರಡುವ ಬೆಳಗ್ಗೆ, ಆಟೋ ಬಾಗಿಲಿಗೆ ಬಂದು ನಿಂತು ಅವಳಮ್ಮ ಕೂಗುತ್ತಿರುವಾಗಲೂ, ಅವಳು ಜಗುಲಿಯ ಮೇಲೆ ಕುಳಿತು ಎರಡಕ್ಕೆ ಬಂದಿದ್ದಳು.