ಮಾಣಿಗಳ ಊರು ಬದಲಾಗಿದೆ
ದಾದರ್‌ನ ನಮ್ಮ ಹೋಟೆಲುಗಳಿಗೆ ಹಿಂದೆ ಹುಡುಗರು ಊರಿನಿಂದಲೇ ಬರುತ್ತಿದ್ದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದರು. ಇಂದು ಅಡುಗೆಮನೆಯಲ್ಲಿ ಬಿಹಾರ, ಒಡಿಶಾ, ಜಾರ್ಖಂಡಿನವರು. ಆದರೆ ಗಲ್ಲಾಪೆಟ್ಟಿಗೆಯ ಬಳಿ ಕುಳಿತು ತುಳುವಿನಲ್ಲಿ ಕೂಗಾಡುವ ನಮ್ಮ ಅಭ್ಯಾಸ ಹೋಗಿಲ್ಲ. ಒಮ್ಮೆ ನಾವು ಮ್ಯಾನೇಜರರೊಡನೆ ತುಳುವಿನಲ್ಲಿ ಏನೋ ಹೇಳಿ ನಕ್ಕೆವು. ತನ್ನನ್ನೇ ಆಡಿಕೊಂಡರೆಂದು ತಿಳಿದು ದೋಸೆ ಹುಯ್ಯುವ ಬಿಹಾರದ ಹುಡುಗ ಮರುದಿನವೇ ಗಂಟು ಕಟ್ಟಿದ. ಅಂಥ ಕೈ ಮತ್ತೆ ಸಿಗಲಿಲ್ಲ.

ರಜೆಯ ಲೆಕ್ಕವೂ ಬದಲಾಗಬೇಕು. ನಮಗೆ ಚೌತಿ ಹೇಗೋ ಬಿಹಾರದವರಿಗೆ ಛಠ್ ಹಾಗೆ. ದೀಪಾವಳಿ ಅಮಾವಾಸ್ಯೆಯ ನಂತರದ ಷಷ್ಠಿ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಆದ್ದರಿಂದ ಯಾರು ಹೋಗುವವರು, ಯಾರು ಉಳಿಯುವವರು ಎಂದು ಚೌತಿಗೆ ಮೊದಲೇ ಕೇಳಿ ಬರೆದಿಡಿ. ನಾವಂತೂ ಟಿಕೆಟು ತೆಗೆದುಕೊಡುತ್ತೇವೆ, ಹಿಂದಿರುಗುವುದನ್ನೂ ಸೇರಿಸಿ.