ಚಿಕಿತ್ಸೆ ಮುಗಿದ ಮೇಲಿನ ಕುರ್ಚಿ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಮಣಿಪಾಲದಿಂದ ಹಾಲಾಡಿ ಕಡೆಯ ಮನೆಗೆ ಮರಳಿದ ಹೆಂಗಸಿಗೆ ಮೊದಲು ಸಿಗುವುದು ಒಂದು ಕುರ್ಚಿ. ‘ಅತ್ತೆ, ನೀವ್ ಎಂತದೂ ಮಾಡುದ್ ಬ್ಯಾಡ, ಸುಮ್ನೆ ಕೂಕಣಿ’ ಅನ್ನುತ್ತಾಳೆ ಸೊಸೆ. ಬಾವಿಯ ಹಗ್ಗ, ಹಟ್ಟಿ, ತೋಟ ಎಲ್ಲವೂ ಬೇರೆಯವರ ಪಾಲಾಗುತ್ತವೆ. ಆಪರೇಶನ್, ಕಿಮೋ, ರೇಡಿಯೇಶನ್ ಎಂದು ತಿಂಗಳುಗಟ್ಟಲೆ ಬಳಲಿದ ದೇಹಕ್ಕೆ ಆ ಮಾತು ಹಿತವೇ. ಆದರೆ ಕುರ್ಚಿ ಕಾಯಂ ಆಗಿಬಿಡುತ್ತದಲ್ಲ, ತಾಪತ್ರಯ ಅಲ್ಲಿಂದ ಶುರು.

ಮನೆಯವರನ್ನು ದೂರುವಂತಿಲ್ಲ. ‘ಆ ಕೈಯಲ್ಲಿ ಭಾರ ಎತ್ತಬೇಡಿ’ ಎಂದು ಬಹುಕಾಲ ಹೇಳಿದ್ದು ವೈದ್ಯರೇ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಕೈಯಿಂದ ದ್ರವ ಹರಿದುಹೋಗುವ ದಾರಿ ಕಟ್ಟಿಕೊಂಡು ಕೆಲವರಿಗೆ ಕೈ ಬಾತುಕೊಳ್ಳುತ್ತದೆ. ಭಾರ ಎತ್ತಿದರೆ ಅದು ಹೆಚ್ಚೀತೆಂಬ ಭಯ. ಈ ಭಯವನ್ನು ಅಮೆರಿಕದ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಜ್ ಪರೀಕ್ಷೆಗೊಡ್ಡಿದರು. ಕೈ ಬಾತಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ವಾರಕ್ಕೆ ಎರಡು ಸಲ, ಬಿಗಿ ತೋಳುಪಟ್ಟಿ ತೊಟ್ಟು, ನಿಧಾನವಾಗಿ ತೂಕ ಏರಿಸುತ್ತ ವ್ಯಾಯಾಮ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸಿದ ಪ್ರಸಂಗಗಳಂತೂ ವ್ಯಾಯಾಮ ಮಾಡಿದವರಲ್ಲೇ ಕಡಿಮೆ.

ಆಪರೇಶನ್ ಆದವರಿಗೆ ಫಿಸಿಯೋಥೆರಪಿಯವರು ಕಲಿಸುವ ಒಂದು ವ್ಯಾಯಾಮವಿದೆ. ಗೋಡೆಗೆ ಎದುರಾಗಿ ನಿಂತು, ತೋರುಬೆರಳು-ನಡುಬೆರಳುಗಳನ್ನು ಒಂದಾದ ಮೇಲೊಂದು ಇಡುತ್ತ ಗೋಡೆಯ ಮೇಲೆ ಕೈ ಹತ್ತಿಸುವುದು. ಎಳೆತ ಶುರುವಾದಲ್ಲಿ ತುಸು ನಿಂತು ಮತ್ತೆ ಇಳಿಸುವುದು. ತಲುಪಿದ ಎತ್ತರಕ್ಕೆ ಪೆನ್ಸಿಲಿನ ಗೆರೆ ಎಳೆದಿಟ್ಟರೆ ಮುಂದಿನ ವಾರ ಗೆರೆ ಮೇಲೇರಿದ್ದು ಕಾಣುತ್ತದೆ. ಇದನ್ನು ಅರ್ಧಕ್ಕೆ ಬಿಟ್ಟರೆ ಭುಜ ಬಿಗಿದು, ಕೊನೆಗೆ ತಲೆ ಬಾಚುವುದಕ್ಕೂ ಇನ್ನೊಬ್ಬರು ಬೇಕಾಗುತ್ತಾರೆ.

‘ನಮ್ಮ ಊರಿನ ಹೆಂಗಸರಿಗೆ ವ್ಯಾಯಾಮ ಬೇರೆ ಬೇಕಾ?’ ಎಂಬ ಮಾತು ಗದ್ದೆ ನೆಟ್ಟಿಯ ಕಾಲಕ್ಕೆ ಸರಿ. ಈಗ ಅನೇಕ ಗದ್ದೆಗಳಲ್ಲಿ ಯಂತ್ರ ನೆಡುತ್ತದೆ, ಬಾವಿಗೆ ಪಂಪು ಬಂದಿದೆ. ಬೀಡಿ ಕಟ್ಟುವುದಾಗಲಿ, ಗೇರುಬೀಜದ ಸಿಪ್ಪೆ ಬಿಡಿಸುವುದಾಗಲಿ ಕೂತೇ ಮಾಡುವ ದುಡಿಮೆ. ಸಂಜೆಯಾದರೆ ಧಾರಾವಾಹಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕ್ಯಾನ್ಸರ್ ಗೆದ್ದವರನ್ನೂ ಸೇರಿಸಿಕೊಂಡೇ, ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ ಇರಲಿ, ಕೂರುವ ಹೊತ್ತೂ ಕಡಿಮೆಯಾಗಲಿ ಎನ್ನುತ್ತದೆ. ಬೆಳಿಗ್ಗೆ ಅರ್ಧ ಗಂಟೆ ನಡೆದೆನೆಂದು ಇಡೀ ದಿನ ಕೂರಲು ರಹದಾರಿ ಸಿಗುವುದಿಲ್ಲ. ಜಾಹೀರಾತು ಬಂದಾಗ ಎದ್ದು ಅಂಗಳಕ್ಕೊಂದು ಸುತ್ತು ಹಾಕುವುದೂ ಲೆಕ್ಕಕ್ಕೆ ಬರುತ್ತದೆ. ಧಾರಾವಾಹಿಗಳಲ್ಲಿ ಜಾಹೀರಾತಿಗೇನು ಬರವೇ!

ನಡೆದರೆ ಕ್ಯಾನ್ಸರ್ ಮರುಕಳಿಸುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಸ್ತನ ಕ್ಯಾನ್ಸರ್ ಆಗಿದ್ದ ಅಮೆರಿಕದ ಸುಮಾರು ಮೂರು ಸಾವಿರ ನರ್ಸುಗಳನ್ನು ಗಮನಿಸಿದ 2005ರ ಅಧ್ಯಯನದಲ್ಲಿ ವಾರಕ್ಕೆ ಮೂರರಿಂದ ಐದು ಗಂಟೆ ನಡೆಯುವಷ್ಟು ಚಟುವಟಿಕೆಯಿದ್ದವರಲ್ಲಿ ಸಾವು ಕಡಿಮೆ ಕಂಡದ್ದು ನಿಜ. ಆದರೆ ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಲಿಕ್ಕೂ ಸಾಕು. ಗಟ್ಟಿ ಪುರಾವೆ ಇರುವುದು ಬೇರೆ ಕಡೆ. ಚಿಕಿತ್ಸೆ ಮುಗಿದರೂ ಬಿಡದ ಆ ಸುಸ್ತು ವಿಶ್ರಾಂತಿಗಿಂತ ನಡಿಗೆಗೇ ಹೆಚ್ಚು ಜಗ್ಗುತ್ತದೆ. ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಲೆಟ್ರೊಝೋಲ್‌ನಂಥ ಮಾತ್ರೆಗಳಿಂದ ಬರುವ ಗಂಟುನೋವೂ ವ್ಯಾಯಾಮದಿಂದ ತಗ್ಗುತ್ತದೆಂದು ಯೇಲ್ ವಿಶ್ವವಿದ್ಯಾಲಯದವರು ಪ್ರಯೋಗದಲ್ಲಿ ಕಂಡಿದ್ದಾರೆ. ನೋವು ತಾಳದೆ ಮಾತ್ರೆಯನ್ನೇ ಬಿಡುವವರಿರುವಾಗ ಇದು ಸಣ್ಣ ಲಾಭವಲ್ಲ. ಕಾಯಿಲೆ ಮೂಳೆಗೆ ಹಬ್ಬಿದ್ದರೆ, ಹೃದಯದ ತೊಂದರೆಯಿದ್ದರೆ, ಜ್ವರವಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಹೊರಡಬಾರದು.

ಹೊರಡುವುದಾದರೂ ಎಲ್ಲಿಗೆ? ಮಳೆಗಾಲದ ನಾಲ್ಕು ತಿಂಗಳು ಜಗಲಿ-ಚಾವಡಿಯೇ ಗತಿ. ಮಳೆ ಬಿಟ್ಟರೂ, ಬಸ್ಸು ಲಾರಿ ಉಜ್ಜಿಕೊಂಡು ಹೋಗುವ ರಸ್ತೆಯ ಅಂಚಿನಲ್ಲಿ ಸುಮ್ಮನೆ ನಡೆಯುವ ಹೆಂಗಸನ್ನು ಕಂಡವರೆಲ್ಲ ‘ಎಲ್ಲಿಗ್ ಹೊರ್ಟದ್ದ್?’ ಎಂದು ಕೇಳುತ್ತಾರೆ. ವಿಚಾರಿಸುವುದು ವಿಶ್ವಾಸದಿಂದಲೇ, ಆದರೆ ಕಾಯಿಲೆಯ ಕತೆ ಮತ್ತೆ ಮತ್ತೆ ಹೇಳುವುದು ಯಾರಿಗೆ ಬೇಕು? ಹಾಗಾಗಿ ನಡಿಗೆಗೊಂದು ನೆವ ಇದ್ದರೆ ಸುಲಭ. ದನ ಇರುವ ಮನೆಯಲ್ಲಿ ಡೈರಿಗೆ ಹಾಲು ಕೊಡುವ ಕೆಲಸ ಮಗ ಬೈಕಿನಲ್ಲಿ ಮುಗಿಸುವ ಬದಲು ಅಮ್ಮನಿಗೇ ಬಿಡಬಹುದು, ಬೆಳಿಗ್ಗೆಯೂ ಸಂಜೆಯೂ. ಕ್ಯಾನು ಮೊದಮೊದಲು ಆಪರೇಶನ್ ಆಗದ ಬದಿಯ ಕೈಯಲ್ಲಿರಲಿ.